ಹೊಸ ಮೌಸ್ ಕೊಳ್ಳುವ ಮೊದಲು ಅದರ ಕೆಳಗೇನಿದೆ ನೋಡಿ: ಗೇಮಿಂಗ್ ಸೆನ್ಸರ್ ಮತ್ತು ಪ್ಯಾಡ್ ಪರೀಕ್ಷೆಗೆ ಸಮಗ್ರ ಮಾರ್ಗದರ್ಶಿ

ನಮ್ಮ ಮನೆ ಇರುವುದು ಬಾಗಲಕೋಟೆಯ ನವನಗರದಲ್ಲಿ. ಕಂಪ್ಯೂಟರ್ ಇಟ್ಟಿರುವ ಕಟ್ಟೆಗೆ ಇಳಕಲ್ ಗ್ರಾನೈಟ್ ಹಾಕಿಸಿದ್ದೇವೆ. ತಿಳಿ ಕೆಂಪು ಬಣ್ಣ, ನಡುನಡುವೆ ಕಪ್ಪು ಚುಕ್ಕೆ, ಮುಖ ಕಾಣುವಷ್ಟು ಪಾಲಿಶ್. ಆ ಕಲ್ಲಿನ ಮೇಲೆಯೇ ಮೌಸ್ ಇಟ್ಟು ವ್ಯಾಲರಂಟ್ ಎಂಬ ಗುಂಡು ಹಾರಿಸುವ ಆಟ ಆಡುತ್ತಿದ್ದೆ. ನಿಧಾನವಾಗಿ ತಿರುಗಿದರೆ ಎಲ್ಲ ಸರಿ ಇರುತ್ತಿತ್ತು. ಎದುರಾಳಿ ಹಿಂದಿನಿಂದ ಬಂದಾಗ ಗಕ್ಕನೆ ಎಳೆದರೆ ಮಾತ್ರ ನೋಟ ಹಾರಿ ಆಕಾಶಕ್ಕೆ ಹೋಗಿ ನಿಲ್ಲುತ್ತಿತ್ತು. ಮೌಸ್ ಕೆಟ್ಟಿದೆ ಅಂದುಕೊಂಡು ಹೊಸದು ತಂದೆ. ಅದೂ ಹಾಗೇ ಮಾಡಿತು. ಒಂದು ದಿನ ಅವ್ವ ಕಟ್ಟೆ ಒರೆಸಲು ಬಂದಳು. ಆಟ ನಿಲ್ಲಿಸುವ ಹಾಗಿರಲಿಲ್ಲ. ಪಕ್ಕದಲ್ಲಿ ಮಡಚಿಟ್ಟಿದ್ದ ಕೌದಿಯ ಮೇಲೆ ಮೌಸ್ ಇಟ್ಟುಕೊಂಡು ಎಳೆದೆ. ಒಂದು ಸಲವೂ ಹಾರಲಿಲ್ಲ.

ಎರಡು ಮೌಸಿನ ದುಡ್ಡು ಹೋದ ಮೇಲೆ ಗೊತ್ತಾದ ವಿಷಯ ಇದು. ಸೆನ್ಸರ್ ಒಂಟಿಯಾಗಿ ಕೆಲಸ ಮಾಡುವುದಿಲ್ಲ. ಸೆನ್ಸರ್ ಮತ್ತು ಅದರ ಕೆಳಗಿನ ಮೇಲ್ಮೈ ಎರಡೂ ಸೇರಿದರೆ ಒಂದು ಉಪಕರಣ. ಡಬ್ಬಿಯ ಮೇಲೆ ಬರೆದಿರುವ ಅಂಕಿಗಳು ಒಳ್ಳೆಯ ಮೇಲ್ಮೈ ಸಿಕ್ಕಾಗಿನ ಮಾತು. ನಿಮ್ಮ ಟೇಬಲ್ ಮೇಲೆ ಅದೇ ಸೆನ್ಸರ್ ಹೇಗೆ ನಡೆದುಕೊಳ್ಳುತ್ತದೆ ಎಂದು ನೀವೇ ಅಳೆಯಬಹುದು. ಬೇಕಾಗುವುದು ಒಂದು ಸ್ಕೇಲ್, ಮೂರು ಹಳೆಯ ಎಟಿಎಂ ಕಾರ್ಡ್, ಎರಡು ದಪ್ಪ ಪುಸ್ತಕ, ಒಂದು ಮಧ್ಯಾಹ್ನ.

ಸೆನ್ಸರ್ ನೋಡುವುದು ಏನನ್ನು?

ಮೌಸಿನ ಹೊಟ್ಟೆಯಲ್ಲಿ ಒಂದು ಪುಟ್ಟ ಕ್ಯಾಮೆರಾ ಇದೆ. ಪಕ್ಕದ ಎಲ್‌ಇಡಿ ಓರೆಯಾಗಿ ಬೆಳಕು ಬಿಡುತ್ತದೆ. ಸಂಜೆ ಓರೆ ಬಿಸಿಲಿನಲ್ಲಿ ಹೊಲದ ಸಾಲುಗಳ ನೆರಳು ಎದ್ದು ಕಾಣುತ್ತದಲ್ವಾ, ಹಾಗೆಯೇ ಮೇಲ್ಮೈಯ ಸಣ್ಣ ಸಣ್ಣ ಉಬ್ಬು ತಗ್ಗುಗಳಿಗೆ ನೆರಳು ಬೀಳುತ್ತದೆ. ಕ್ಯಾಮೆರಾ ಆ ನೆರಳಿನ ಚಿತ್ರವನ್ನು ಸೆಕೆಂಡಿಗೆ ಸಾವಿರಾರು ಸಲ ತೆಗೆಯುತ್ತದೆ. ಹಿಂದಿನ ಚಿತ್ರಕ್ಕೂ ಈಗಿನ ಚಿತ್ರಕ್ಕೂ ಹೋಲಿಸಿ ಎಷ್ಟು ಸರಿದಿದೆ ಎಂದು ಲೆಕ್ಕ ಹಾಕುತ್ತದೆ. ಅಷ್ಟೇ ಅದರ ಕೆಲಸ.

ತೈವಾನಿನ ಪಿಕ್ಸ್‌ಆರ್ಟ್ ಕಂಪನಿಯ ಪಿಎಂಡಬ್ಲ್ಯೂ 3360 ಸೆನ್ಸರನ್ನೇ ತೆಗೆದುಕೊಳ್ಳಿ. ಅದರ ಚಿತ್ರ 36×36 ಚುಕ್ಕೆಯದು. ಸೆಕೆಂಡಿಗೆ 12,000 ಚಿತ್ರದವರೆಗೆ ತೆಗೆಯುತ್ತದೆ. 250 ಐಪಿಎಸ್ ವೇಗ ತಾಳುತ್ತದೆ, ಅಂದರೆ ಸೆಕೆಂಡಿಗೆ 250 ಇಂಚು, ಸುಮಾರು 6.35 ಮೀಟರ್. ಆ ವೇಗದಲ್ಲಿ ಎರಡು ಚಿತ್ರಗಳ ನಡುವೆ ಮೌಸ್ ಅರ್ಧ ಮಿಲಿಮೀಟರಿಗಿಂತ ಸ್ವಲ್ಪ ಜಾಸ್ತಿ ಸರಿದಿರುತ್ತದೆ. ಎರಡೂ ಚಿತ್ರಗಳಲ್ಲಿ ಉಳಿಯುವುದು ಸ್ವಲ್ಪವೇ ಜಾಗ. ಆ ಜಾಗದಲ್ಲಿ ಗುರುತು ಹಿಡಿಯಲು ಏನಾದರೂ ಇರಬೇಕು. ನೂಲಿನ ಗಂಟು, ಕಾಗದದ ನಾರು, ಪ್ಲಾಸ್ಟಿಕ್ಕಿನ ತರಿ, ಏನಾದರೂ. ಪಾಲಿಶ್ ಕಲ್ಲಿನಲ್ಲಿ ಅದೇ ಕಡಿಮೆ. ಬೆಳಕು ಕನ್ನಡಿಗೆ ಬಿದ್ದ ಹಾಗೆ ಒಂದೇ ದಿಕ್ಕಿಗೆ ಹಾರಿ ಹೋಗುತ್ತದೆ, ಕ್ಯಾಮೆರಾಕ್ಕೆ ಉಳಿಯುವುದು ಮಸುಕು ಚಿತ್ರ. ನಿಧಾನವಾಗಿ ಹೋದರೆ ಹೇಗೋ ಹೊಂದಿಸಿಕೊಳ್ಳುತ್ತದೆ. ರಭಸವಾಗಿ ಎಳೆದರೆ ದಾರಿ ತಪ್ಪುತ್ತದೆ. ನನ್ನ ನೋಟ ಆಕಾಶಕ್ಕೆ ಹಾರಿದ್ದು ಹೀಗೆ. ಇದಕ್ಕೆ ಆಟಗಾರರು ಸ್ಪಿನ್ ಔಟ್ ಅನ್ನುತ್ತಾರೆ.

1980ರ ದಶಕದ ಆಪ್ಟಿಕಲ್ ಮೌಸ್‌ಗಳಿಗೆ ತಮ್ಮದೇ ಗೆರೆ ಎಳೆದ ಲೋಹದ ಪ್ಯಾಡ್ ಬೇಕಾಗಿತ್ತು. ಅದಿಲ್ಲದೆ ಅವು ನಡೆಯುತ್ತಲೇ ಇರಲಿಲ್ಲ. 1999ರಲ್ಲಿ ಮೈಕ್ರೋಸಾಫ್ಟ್‌ನ ಇಂಟೆಲಿಮೌಸ್ ಎಕ್ಸ್‌ಪ್ಲೋರರ್ ಬಂದ ಮೇಲೆ ಪ್ಯಾಡ್ ಬೇಕೇಬೇಕು ಎಂಬ ಮಾತು ಹೋಯಿತು. 2004ರಲ್ಲಿ ಲಾಜಿಟೆಕ್‌ನ ಎಂಎಕ್ಸ್ 1000 ಲೇಸರ್ ತಂದಿತು. ಲೇಸರ್ ಹೆಚ್ಚು ಮೇಲ್ಮೈಗಳನ್ನು ಓದುತ್ತದೆ ನಿಜ. ಆದರೆ ಬಟ್ಟೆ ಪ್ಯಾಡಿನಲ್ಲಿ ಅದು ನೂಲಿನ ಆಳದವರೆಗೂ ಇಣುಕುತ್ತದೆ. ನಿಧಾನಕ್ಕೆ ಎಳೆದರೆ ಒಂದು ಲೆಕ್ಕ, ಜೋರಾಗಿ ಎಳೆದರೆ ಇನ್ನೊಂದು ಲೆಕ್ಕ ಬರುವುದು ಅದರ ದೊಡ್ಡ ತೊಂದರೆಯಾಗಿತ್ತು. ಗೇಮಿಂಗ್ ಮೌಸ್‌ಗಳು ಮತ್ತೆ ಎಲ್‌ಇಡಿಗೆ ಮರಳಿದ್ದು ಇದೇ ಕಾರಣಕ್ಕೆ. ಈಗಿನವುಗಳಲ್ಲಿ ಇರುವುದು ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಎಲ್‌ಇಡಿ. ಮೌಸಿನ ಕೆಳಗೆ ಕೆಂಪು ಬೆಳಕು ಕಾಣದಿದ್ದರೆ ಕೆಟ್ಟಿದೆ ಅನ್ನಬೇಡಿ. ಫೋನಿನ ಸೆಲ್ಫಿ ಕ್ಯಾಮೆರಾದಲ್ಲಿ ನೋಡಿ, ಹಲವು ಫೋನುಗಳಲ್ಲಿ ಮಂದ ನೇರಳೆ ಬೆಳಕು ಕಾಣುತ್ತದೆ.

ಶುರು ಮಾಡುವ ಮೊದಲು

ಮೊದಲು ಒಂದು ನಿಮಿಷದ ತಪಾಸಣೆ. ಬಿಳಿ ಎ4 ಹಾಳೆಯನ್ನು ಟೇಬಲ್ ಮೇಲೆ ಅಂಟಿಸಿ ಅದರ ಮೇಲೆ ಮೌಸ್ ಆಡಿಸಿ. ಕಾಗದದ ನಾರುಗಳನ್ನು ಸೆನ್ಸರ್ ಬಹಳ ಚೆನ್ನಾಗಿ ಓದುತ್ತದೆ. ಅಲ್ಲಿ ಸರಿ ಹೋದರೆ ಮೌಸ್ ಗಟ್ಟಿಯಾಗಿದೆ, ತೊಂದರೆ ಟೇಬಲ್ಲಿನದು. ಕಾಗದದ ಮೇಲೂ ಜಿಗಿದರೆ ಮೌಸ್ ತಿರುಗಿಸಿ ಸೆನ್ಸರ್ ಕಿಂಡಿ ನೋಡಿ. ನನ್ನ ಗೆಳೆಯನೊಬ್ಬನ ಮನೆ ರಬಕವಿಯಲ್ಲಿ, ಪಕ್ಕದ ಕೋಣೆಯಲ್ಲೇ ಮಗ್ಗ. ಅವನ ಮೌಸ್ ಕಿಂಡಿಯಲ್ಲಿ ಕಣ್ಣಿಗೆ ಕಾಣದಷ್ಟು ತೆಳು ಎಳೆಯೊಂದು ಸಿಕ್ಕಿಕೊಂಡಿತ್ತು. ಮೌಸ್ ಮುಟ್ಟದಿದ್ದರೂ ಪಾಯಿಂಟರ್ ನಡುಗುತ್ತಿತ್ತು. ಟಾರ್ಚ್ ಬಿಟ್ಟು ನೋಡಿದಾಗ ಎಳೆ ಮಿಂಚಿತು. ಒಣಗಿದ ಪೇಂಟಿಂಗ್ ಬ್ರಶ್‌ನಿಂದ ಎರಡು ಸಲ ಸವರಿದೆವು, ನಡುಕ ಹೋಯಿತು. ಬಾಯಿಂದ ಊದಬೇಡಿ, ಲೆನ್ಸ್ ಮೇಲೆ ಉಗುಳಿನ ಹನಿ ಬೀಳುತ್ತದೆ.

ಆಮೇಲೆ ಸೆಟ್ಟಿಂಗ್. ವಿಂಡೋಸ್‌ನ ಮೌಸ್ ಸೆಟ್ಟಿಂಗ್‌ಗೆ ಹೋಗಿ ‘ಎನ್‌ಹ್ಯಾನ್ಸ್ ಪಾಯಿಂಟರ್ ಪ್ರಿಸಿಷನ್’ ಆಫ್ ಮಾಡಿ. ಅದು ಆನ್ ಇದ್ದರೆ ವೇಗಕ್ಕೆ ತಕ್ಕಂತೆ ದೂರ ಬದಲಾಗುತ್ತದೆ, ಪರದೆಯ ಮೇಲೆ ನೋಡುವ ಪರೀಕ್ಷೆ ಹಾಳಾಗಬಹುದು. ಡಿಪಿಐ 800 ಇಡಿ, ಅಂದರೆ ಮೌಸ್ ಒಂದು ಇಂಚು ಸರಿದರೆ 800 ಎಣಿಕೆ (ಕೌಂಟ್) ಕಳಿಸುತ್ತದೆ. ಪೋಲಿಂಗ್ ರೇಟ್, ಅಂದರೆ ಮೌಸ್ ಸೆಕೆಂಡಿಗೆ ಎಷ್ಟು ಸಲ ಕಂಪ್ಯೂಟರಿಗೆ ವರದಿ ಕಳಿಸುತ್ತದೆ ಎಂಬುದು, 1000 ಹರ್ಟ್ಜ್ ಸಾಕು. ಮೌಸ್ ಸಾಫ್ಟ್‌ವೇರ್‌ನಲ್ಲಿ ಆ್ಯಂಗಲ್ ಸ್ನ್ಯಾಪಿಂಗ್ (ನಿಮ್ಮ ಗೆರೆಯನ್ನು ತಾನೇ ನೇರ ಮಾಡುವ ಸೌಲಭ್ಯ) ಇದ್ದರೆ ಅದನ್ನೂ ಆಫ್ ಮಾಡಿ.

ವೈರ್‌ಲೆಸ್ ಮೌಸ್ ಇದ್ದವರು ಇನ್ನೊಂದು ಕೆಲಸ ಮಾಡಬೇಕು. ಮೌಸಿನ ಸಿಗ್ನಲ್ ಹಿಡಿಯುವ ಪುಟ್ಟ ತುಂಡು, ಅಂದರೆ ಡಾಂಗಲ್ ಅನ್ನು ಸಿಪಿಯು ಹಿಂದೆ ಚುಚ್ಚಿ ಬಿಡಬೇಡಿ. ಯುಎಸ್‌ಬಿ 3 ಪೋರ್ಟ್‌ಗಳು 2.4 ಗಿಗಾಹರ್ಟ್ಜ್ ಸಿಗ್ನಲ್‌ಗೆ ಗದ್ದಲ ಎಬ್ಬಿಸುತ್ತವೆ. ಎಕ್ಸ್‌ಟೆನ್ಷನ್ ವೈರ್ ಹಾಕಿ ಡಾಂಗಲ್ ಅನ್ನು ಪ್ಯಾಡಿನ ಪಕ್ಕಕ್ಕೆ ತನ್ನಿ. ಇಲ್ಲವಾದರೆ ಸಿಗ್ನಲ್ ತಪ್ಪಿದ್ದಕ್ಕೆ ಸೆನ್ಸರನ್ನು ಬೈಯುತ್ತೀರಿ. ಬ್ಲೂಟೂತ್‌ನಲ್ಲಿ ಈ ಪರೀಕ್ಷೆ ಮಾಡಲೇಬೇಡಿ.

ಇನ್ನು ಮೇಲ್ಮೈಗಳನ್ನು ಸೇರಿಸಿ. ನಾನು ಇಟ್ಟುಕೊಂಡಿದ್ದು ಪಾಲಿಶ್ ಗ್ರಾನೈಟ್, ಪಾಲಿಶ್ ಇಲ್ಲದ ಶಹಾಬಾದಿ ಫರಸಿ, ಮ್ಯಾಟ್ ಸನ್‌ಮೈಕಾ ಅಂಟಿಸಿದ ಪ್ಲೈವುಡ್, ಗುಳೇದಗುಡ್ಡದ ಖಣದ ತುಂಡು, ಕೌದಿ, ಒಂದು ಬಟ್ಟೆ ಪ್ಯಾಡ್, ಒಂದು ಗಟ್ಟಿ ಪ್ಲಾಸ್ಟಿಕ್ ಪ್ಯಾಡ್. ನಿಮ್ಮ ಮನೆಯಲ್ಲಿ ಏನಿದೆಯೋ ಅದು ಸಾಕು. ಒಂದು ವಹಿಯಲ್ಲಿ ಮೇಲ್ಮೈಗೆ ಒಂದರಂತೆ ಪುಟ ಬಿಡಿ.

ಪರೀಕ್ಷೆ 1: ನಿಧಾನದ ಗೆರೆ

ಕಂಪ್ಯೂಟರಿನಲ್ಲಿ ಪೇಂಟ್ ಪ್ರೋಗ್ರಾಂ ತೆರೆಯಿರಿ. ತೆಳು ಪೆನ್ಸಿಲ್ ಆರಿಸಿ. ಸ್ಟೀಲ್ ಸ್ಕೇಲನ್ನು ಓರೆಯಾಗಿ ಟೇಪ್ ಹಚ್ಚಿ ಕೂರಿಸಿ. ಮೌಸಿನ ಬದಿ ಅದಕ್ಕೆ ತಾಗಿಸಿಕೊಂಡು ಬಹಳ ನಿಧಾನವಾಗಿ ಎಳೆಯಿರಿ. ಗೆರೆಯ ಮೆಟ್ಟಿಲುಗಳು ಒಂದೇ ಸಮ ಬರಬೇಕು. ಅಲ್ಲಲ್ಲಿ ಕೂದಲು ಎದ್ದ ಹಾಗೆ ಚುಕ್ಕೆಗಳು ಹೊರಗೆ ಚಾಚಿದರೆ ಅದು ಜಿಟ್ಟರ್. ಆಮೇಲೆ ಸ್ಕೇಲ್ ತೆಗೆದು ಕೈಯಿಂದಲೇ ಓರೆ, ಅಡ್ಡ, ಉದ್ದ ಗೆರೆಗಳನ್ನು ಎಳೆಯಿರಿ. ಕೈ ನಡುಗಿದ್ದು ಗೆರೆಯಲ್ಲಿ ಕಾಣಬೇಕು. ಅಡ್ಡ, ಉದ್ದದ ಗೆರೆಗಳು ತೀರಾ ನೇರ ಬಂದರೆ ಮೌಸ್ ನಿಮ್ಮ ಕೈಯನ್ನು ತಿದ್ದುತ್ತಿದೆ ಎಂದರ್ಥ.

ಈ ಪರೀಕ್ಷೆಯಲ್ಲಿ ಬಹುತೇಕ ಮೇಲ್ಮೈಗಳು ಪಾಸಾಗುತ್ತವೆ. ನಮ್ಮ ಗ್ರಾನೈಟೂ ಸುಮಾರಾಗಿ ಪಾಸಾಯಿತು. ಇಲ್ಲಿಗೇ ನಿಲ್ಲಿಸಿ “ಎಲ್ಲ ಚೆನ್ನಾಗಿದೆ” ಅಂದುಕೊಳ್ಳಬೇಡಿ.

ಪರೀಕ್ಷೆ 2: 20 ಸೆಂಟಿಮೀಟರಿನ ಲೆಕ್ಕ

ನನ್ನ ಮಟ್ಟಿಗೆ ಅತಿ ಮುಖ್ಯ ಪರೀಕ್ಷೆ ಇದೇ. ಮೌಸ್‌ಟೆಸ್ಟರ್ ಎಂಬ ಚಿಕ್ಕ ಪ್ರೋಗ್ರಾಂ ಇದೆ, ಪುಕ್ಕಟೆ ಸಿಗುತ್ತದೆ. ಮೌಸ್ ಕಳಿಸುವ ಕೌಂಟ್‌ಗಳನ್ನು ಅದು ನೇರವಾಗಿ ಎಣಿಸುತ್ತದೆ.

ಸ್ಕೇಲನ್ನು ಮಾನಿಟರಿಗೆ ಸಮಾನಾಂತರವಾಗಿ ಟೇಪ್ ಹಚ್ಚಿ. ಎರಡು ದಪ್ಪ ಪುಸ್ತಕಗಳನ್ನು ತಡೆಗೋಡೆ ಮಾಡಿ. ಮೌಸ್ ಎಡ ಪುಸ್ತಕಕ್ಕೆ ತಾಗಿ ನಿಂತಾಗ ಅದರ ಎಡ ಅಂಚು ಎಲ್ಲಿದೆ ನೋಡಿ. ಬಲ ಪುಸ್ತಕಕ್ಕೆ ತಾಗಿದಾಗ ಅದೇ ಅಂಚು ಸರಿಯಾಗಿ 20 ಸೆಂ.ಮೀ. ಮುಂದೆ ಇರಬೇಕು. ಮೌಸ್ ತಿರುಚದ ಹಾಗೆ ಸ್ಕೇಲಿಗೆ ಒರಗಿಸಿ ಎಳೆಯಿರಿ. ಐದು ಸಲ ಎಳೆದು ಸರಾಸರಿ ತೆಗೆಯಿರಿ.

20 ಸೆಂ.ಮೀ. ಅಂದರೆ 7.874 ಇಂಚು. 800 ಡಿಪಿಐನಲ್ಲಿ 6,299 ಕೌಂಟ್ ಬರಬೇಕು. ಅಷ್ಟೇ ಬರುವುದು ಅಪರೂಪ. ಉದಾಹರಣೆಗೆ 6,450 ಬಂತು ಎನ್ನಿ. 6,450 ಅನ್ನು 7.874ರಿಂದ ಭಾಗಿಸಿ: 819. ನೀವು 800 ಇಟ್ಟಿದ್ದೀರಿ, ಆ ಪ್ಯಾಡ್ ಮೇಲೆ ಮೌಸ್ 819ರಂತೆ ನಡೆಯುತ್ತಿದೆ. ಸುಮಾರು 2.4% ಜಾಸ್ತಿ. ಸಣ್ಣದು ಅನ್ನಿಸುತ್ತದೆ ಅಲ್ವಾ? ವ್ಯಾಲರಂಟ್‌ನಲ್ಲಿ ಸೆನ್ಸಿಟಿವಿಟಿ (ಮೌಸ್ ಸರಿದಷ್ಟಕ್ಕೆ ನೋಟ ಎಷ್ಟು ತಿರುಗಬೇಕು ಎಂಬ ಸೆಟ್ಟಿಂಗ್) 0.3 ಇಟ್ಟರೆ ಒಂದು ಪೂರ್ತಿ ಸುತ್ತಿಗೆ 54.4 ಸೆಂ.ಮೀ. ಎಳೆಯಬೇಕು. ಈ ಪ್ಯಾಡಿನಲ್ಲಿ 53.1 ಸೆಂ.ಮೀ.ಗೇ ಸುತ್ತು ಮುಗಿಯುತ್ತದೆ. ತಿಂಗಳುಗಟ್ಟಲೆ ಒಂದೇ ದೂರಕ್ಕೆ ಪಳಗಿದ ಕೈಗೆ ಇದು ಗೊತ್ತಾಗುತ್ತದೆ. “ಹೊಸ ಪ್ಯಾಡ್ ಹಾಕಿದ ಮೇಲೆ ಏಮ್ ಕೆಟ್ಟಿತು” ಎನ್ನುವವರಲ್ಲಿ ಎಷ್ಟೋ ಜನರ ತೊಂದರೆ ಇಷ್ಟೇ.

ಯಾಕೆ ಹೀಗಾಗುತ್ತದೆ? ಲೆನ್ಸಿಗೂ ಮೇಲ್ಮೈಗೂ ನಡುವಿನ ಎತ್ತರದಿಂದ. ಪಿಎಂಡಬ್ಲ್ಯೂ 3360ಗೆ ಲೆನ್ಸಿನ ಅಳತೆಗೆರೆಯಿಂದ ಮೇಲ್ಮೈಗೆ 2.4 ಮಿ.ಮೀ. ಇರಬೇಕು, 0.2 ಮಿ.ಮೀ. ಆಚೀಚೆ ನಡೆಯುತ್ತದೆ. ಫೋಟೊ ತೆಗೆಯುವಾಗ ಹತ್ತಿರ ಹೋದರೆ ವಸ್ತು ದೊಡ್ಡದಾಗಿ ಕಾಣುತ್ತದಲ್ವಾ, ಅದೇ ಮಾತು ಇಲ್ಲಿಯೂ. ಮೆತ್ತನೆ ಪ್ಯಾಡಿನಲ್ಲಿ ಮೌಸ್ ಸ್ವಲ್ಪ ಹೂತುಕೊಳ್ಳುತ್ತದೆ, ಲೆನ್ಸ್ ಹತ್ತಿರ ಬರುತ್ತದೆ, ಕೌಂಟ್ ಏರುತ್ತದೆ. ಮೌಸಿನ ಕೆಳಗೆ ಜಾರಲು ಅಂಟಿಸಿರುವ ನುಣುಪು ಪಟ್ಟಿಗಳನ್ನು, ಅಂದರೆ ಸ್ಕೇಟ್ಸ್, ದಪ್ಪನೆಯವು ಹಾಕಿದರೆ ಇದರ ಉಲ್ಟಾ.

ಅಳತೆ ಗೊತ್ತಾದ ಮೇಲೆ ಸರಿ ಮಾಡುವುದು ಸುಲಭ. 800 ಅನ್ನು 819ರಿಂದ ಭಾಗಿಸಿ: 0.977. ನಿಮ್ಮ 0.3 ಅನ್ನು ಇದರಿಂದ ಗುಣಿಸಿ: 0.293. ಆಟದಲ್ಲಿ ಅದನ್ನು ಹಾಕಿ. ಕೈ ಮೊದಲಿನಂತೆ ಸಾಗುತ್ತದೆ.

ಇದೇ ಪರೀಕ್ಷೆಯನ್ನು ಎರಡು ರೀತಿ ಮತ್ತೆ ಮಾಡಿ. ಒಂದು, ಅಂಗೈ ಭಾರ ಬಿಟ್ಟು ಗಟ್ಟಿಯಾಗಿ ಒತ್ತಿ ಎಳೆಯುವುದು. ಕೌದಿಯ ಮೇಲೆ ಇದನ್ನು ಮಾಡಿ ನೋಡಿದರೆ ವಿಷಯ ಚೆನ್ನಾಗಿ ತಿಳಿಯುತ್ತದೆ. ಕೌದಿಯಲ್ಲಿ ಹಳೆ ಸೀರೆಯ ಮಡಿಕೆ ಮೇಲೆ ಮಡಿಕೆ, ಬೆರಳಗಲಕ್ಕೊಂದು ಹೊಲಿಗೆಯ ಸಾಲು. ಸಾಲಿದ್ದಲ್ಲಿ ತಗ್ಗು, ನಡುವೆ ಉಬ್ಬು. ಬಟ್ಟೆಯ ನೆಯ್ಗೆ ಸೆನ್ಸರಿಗೆ ಇಷ್ಟ, ಹಾಗಾಗಿ ದಾರಿ ತಪ್ಪುವುದಿಲ್ಲ. ಆದರೆ ಹಗುರ ಕೈಯಲ್ಲಿ ಬಂದ ಲೆಕ್ಕವೇ ಬೇರೆ, ಒತ್ತಿದಾಗ ಬಂದ ಲೆಕ್ಕವೇ ಬೇರೆ. ಐದು ಸಲ ಎಳೆದರೆ ಐದು ಉತ್ತರ. ಪಾಯಿಂಟರ್ ಹಾರದಿದ್ದರೆ ಮೇಲ್ಮೈ ಒಳ್ಳೆಯದು ಎಂದಾಗುವುದಿಲ್ಲ ಎಂದು ನನಗೆ ಕಲಿಸಿದ್ದು ಈ ಕೌದಿಯೇ. ಆಟ ಬಿಸಿಯೇರಿದಾಗ ನೀವು ಜಾಸ್ತಿ ಒತ್ತುವವರಾದರೆ ಮೆತ್ತನೆ ಪ್ಯಾಡ್ ನಿಮಗೆ ಬೇಡ.

ಎರಡು, ಅಡ್ಡ ಎಳೆದ ಮೇಲೆ ಉದ್ದಕ್ಕೂ ಎಳೆಯುವುದು. ಇಳಕಲ್, ಗುಳೇದಗುಡ್ಡ, ಬನಹಟ್ಟಿ ಕಡೆಯವರಿಗೆ ಹಾಸು ಹೊಕ್ಕು ಅಂದರೆ ಏನೆಂದು ಹೇಳಬೇಕಾಗಿಲ್ಲ. ಬಟ್ಟೆ ಪ್ಯಾಡೂ ನೇಯ್ದದ್ದೇ. ಹಾಸಿನ ದಿಕ್ಕಿಗೆ ಒಂದು ಜಾರು, ಹೊಕ್ಕಿನ ದಿಕ್ಕಿಗೆ ಇನ್ನೊಂದು. ಖಣದ ತುಂಡಿನ ಮೇಲೆ ಬೆರಳು ಆಡಿಸಿದರೇ ಗೊತ್ತಾಗುತ್ತದೆ, ಒಂದು ಕಡೆ ರೇಷ್ಮೆಯಂತೆ ಜಾರುತ್ತದೆ, ಇನ್ನೊಂದು ಕಡೆ ಬುಟ್ಟಾದ ಎಳೆ ಬೆರಳಿಗೆ ತಡೆಯುತ್ತದೆ. ಅಗ್ಗದ ಪ್ಯಾಡುಗಳಲ್ಲಿ ಈ ವ್ಯತ್ಯಾಸ ಜಾಸ್ತಿ.

ಪರೀಕ್ಷೆ 3: ರಭಸದ ಎಳೆತ

ಪುಸ್ತಕಗಳು ಅಲ್ಲೇ ಇರಲಿ, ಜರುಗದಂತೆ ಗೋಡೆಗೋ ಭಾರಕ್ಕೋ ಒರಗಿಸಿ. ಆಟದ ಪ್ರಾಕ್ಟೀಸ್ ಕೋಣೆಗೆ ಹೋಗಿ. ಮೌಸ್ ಎಡ ಪುಸ್ತಕಕ್ಕೆ ತಾಗಿಸಿ, ಗೋಡೆಯ ಮೇಲಿನ ಒಂದು ಚುಕ್ಕೆಗೆ ಗುರಿ ಇಡಿ. ನಿಧಾನವಾಗಿ ಬಲಕ್ಕೆ ಹೋಗಿ ತಾಗಿ. ಈಗ ಎಷ್ಟು ಸಾಧ್ಯವೋ ಅಷ್ಟು ಜೋರಾಗಿ ಎಡಕ್ಕೆ ಎಳೆಯಿರಿ. ಗುರಿ ಅದೇ ಚುಕ್ಕೆಗೆ ಬಂದು ನಿಲ್ಲಬೇಕು. ಹತ್ತು ಸಲ ಮಾಡಿ.

ಚುಕ್ಕೆಯ ಬಲಕ್ಕೇ ನಿಂತರೆ ಜೋರಾದ ಎಳೆತದಲ್ಲಿ ಸೆನ್ಸರ್ ಸ್ವಲ್ಪ ದೂರ ನುಂಗಿದೆ. ಚುಕ್ಕೆ ದಾಟಿ ಎಡಕ್ಕೆ ಹೋದರೆ ಆ್ಯಕ್ಸಿಲರೇಷನ್ ಇದೆ, ಅಂದರೆ ಜೋರಾಗಿ ಎಳೆದಾಗ ಲೆಕ್ಕ ಜಾಸ್ತಿ ಬರುತ್ತಿದೆ, ಸೆಟ್ಟಿಂಗ್ ಮತ್ತೊಮ್ಮೆ ನೋಡಿ. ಮೇಲಕ್ಕೋ ಕೆಳಕ್ಕೋ ಹಾರಿದರೆ ಸ್ಪಿನ್ ಔಟ್.

ಕೈಯ ವೇಗದ ಅಂದಾಜು ಇರಲಿ. 20 ಸೆಂ.ಮೀ. ಅನ್ನು ಸೆಕೆಂಡಿನ ಹತ್ತನೇ ಒಂದು ಭಾಗದಲ್ಲಿ ದಾಟಿದರೆ ಸರಾಸರಿ ವೇಗ ಸೆಕೆಂಡಿಗೆ 2 ಮೀಟರ್, ಅಂದರೆ 79 ಐಪಿಎಸ್. ನಡುವಿನಲ್ಲಿ ವೇಗ ಇದಕ್ಕಿಂತ ಸಾಕಷ್ಟು ಮೇಲೆ ಹೋಗುತ್ತದೆ. ಪಿಎಂಡಬ್ಲ್ಯೂ 3325ರಂಥ ಅಗ್ಗದ ಸೆನ್ಸರಿನ ಮಿತಿ 100 ಐಪಿಎಸ್. ಡಿಪಿಐ ಕಡಿಮೆ ಇಟ್ಟು ತೋಳಿನಿಂದ ಆಡುವವರಿಗೆ ಅದು ಸಾಲದು. ಪಿಎಡಬ್ಲ್ಯೂ 3395ರ ಮಿತಿ 650 ಐಪಿಎಸ್, ಯಾರ ಕೈಯೂ ಅಲ್ಲಿಗೆ ಮುಟ್ಟುವುದಿಲ್ಲ. ಆದರೂ ಒಳ್ಳೆಯ ಸೆನ್ಸರ್ ಎಡವಿದರೆ ನೆನಪಿಡಿ, ಮೇಲ್ಮೈ ಕೆಟ್ಟದ್ದಾದರೆ ಈ ಮಿತಿಯೂ ಕೆಳಗಿಳಿಯುತ್ತದೆ. ಗ್ರಾನೈಟ್ ಮೇಲೆ ನನ್ನ ಎರಡೂ ಮೌಸ್‌ಗಳು ಎಡವಿದ್ದು ಇದೇ ಪರೀಕ್ಷೆಯಲ್ಲಿ. ಅದೇ ಮೌಸ್‌ಗಳು ಬಟ್ಟೆ ಪ್ಯಾಡ್ ಮೇಲೆ ಹತ್ತಕ್ಕೆ ಹತ್ತು ಸಲ ಚುಕ್ಕೆಗೆ ಮರಳಿದವು.

ಕಣ್ಣಿನ ಅಂದಾಜು ಸಾಲದಿದ್ದರೆ ಮೌಸ್‌ಟೆಸ್ಟರ್‌ನಲ್ಲಿ ವೇಗದ ಗ್ರಾಫ್ ತೆಗೆಯಿರಿ. ಒಳ್ಳೆಯ ಮೇಲ್ಮೈಯಲ್ಲಿ ಚುಕ್ಕೆಗಳು ಪೋಣಿಸಿದ ಮಣಿಗಳಂತೆ ಗುಡ್ಡದ ಆಕಾರದಲ್ಲಿ ಏರಿ ಇಳಿಯುತ್ತವೆ. ಕೆಟ್ಟದ್ದರಲ್ಲಿ ಕಣದಲ್ಲಿ ಚೆಲ್ಲಿದ ಜೋಳದ ಕಾಳಿನಂತೆ ಅಡ್ಡಾದಿಡ್ಡಿ. ಗುಡ್ಡದ ನೆತ್ತಿಯಲ್ಲಿ ಚುಕ್ಕೆಗಳು ಇದ್ದಕ್ಕಿದ್ದಂತೆ ಸೊನ್ನೆಗೆ ಬಿದ್ದರೆ ಸೆನ್ಸರಿಗೆ ಅಲ್ಲಿ ಏನೂ ಕಂಡಿಲ್ಲ.

ಪರೀಕ್ಷೆ 4: ಎತ್ತಿದಾಗ ಏನಾಗುತ್ತದೆ

ಪ್ಯಾಡಿನ ಅಂಚಿಗೆ ಬಂದಾಗ ಮೌಸ್ ಎತ್ತಿ ಹಿಂದೆ ಇಡುತ್ತೀರಿ. ಎತ್ತಿದ ಮೇಲೂ ಸೆನ್ಸರ್ ಸ್ವಲ್ಪ ಎತ್ತರದವರೆಗೆ ಓದುತ್ತಲೇ ಇರುತ್ತದೆ. ಇದೇ ಲಿಫ್ಟ್ ಆಫ್ ದೂರ. ಜಾಸ್ತಿ ಇದ್ದರೆ ಇಡುವಾಗ ಗುರಿ ಅಲುಗುತ್ತದೆ.

ಎಟಿಎಂ ಕಾರ್ಡಿನ ದಪ್ಪ ಎಲ್ಲೆಡೆ 0.76 ಮಿ.ಮೀ. ಅವಧಿ ಮುಗಿದ ಕಾರ್ಡುಗಳನ್ನು ತೆಗೆದುಕೊಳ್ಳಿ. ಮೌಸಿನ ಎಡಬಲ ಅಂಚಿನ ಕೆಳಗೆ ಒಂದೊಂದು ಇಡಿ, ನಡುವಿನ ಸೆನ್ಸರ್ ಕಿಂಡಿಗೆ ಪ್ಯಾಡ್ ನೇರವಾಗಿ ಕಾಣುತ್ತಿರಲಿ. ಅಲುಗಿಸಿ. ಪಾಯಿಂಟರ್ ಓಡಿದರೆ ಇನ್ನೊಂದು ಜೊತೆ ಸೇರಿಸಿ, ಈಗ 1.52 ಮಿ.ಮೀ. ಮೂರನೆಯದಕ್ಕೆ 2.28. ಕಾರ್ಡ್ ಕಡಿಮೆ ಇದ್ದರೆ ಅರ್ಧಕ್ಕೆ ಕತ್ತರಿಸಿ, ಒಂದರಲ್ಲಿ ಎರಡಾಗುತ್ತದೆ. ಒಂದು ಜೊತೆಗೇ ನಿಂತರೆ ಬಹಳ ಒಳ್ಳೆಯದು. ಮೂರು ಜೊತೆಯ ಮೇಲೂ ಓಡಿದರೆ ಸಾಫ್ಟ್‌ವೇರ್‌ನಲ್ಲಿ ಲಿಫ್ಟ್ ಆಫ್ ಅನ್ನು 1 ಮಿ.ಮೀ.ಗೆ ಇಳಿಸಿ.

ಇಳಿಸುವಾಗ ಒಂದು ಎಚ್ಚರ ಬೇಕು. ಸುರುಳಿ ಸುತ್ತಿ ಬಂದ ಪ್ಯಾಡ್ ಪೂರ್ತಿ ಚಪ್ಪಟೆ ಇರುವುದಿಲ್ಲ. ಉಬ್ಬಿದ ಕಡೆ, ತಗ್ಗಿದ ಕಡೆ ಎತ್ತರ ಬದಲಾಗಿ ಸೆನ್ಸರ್ ನಡುವೆಯೇ ನಿಂತುಬಿಡುತ್ತದೆ. ಹಾಗಾದರೆ 2 ಮಿ.ಮೀ.ಗೆ ಮರಳಿ. ಕೆಲವು ಲಾಜಿಟೆಕ್, ರೇಜರ್ ಮೌಸ್‌ಗಳ ಸಾಫ್ಟ್‌ವೇರ್‌ನಲ್ಲಿ ಮೇಲ್ಮೈಗೆ ತಕ್ಕಂತೆ ಹೊಂದಿಸುವ ಸೌಲಭ್ಯ ಇದೆ. ಪ್ಯಾಡ್ ಬದಲಿಸಿದಾಗಲೆಲ್ಲ ಅದನ್ನು ಹೊಸದಾಗಿ ಮಾಡಿ. ಹಳೆ ಪ್ಯಾಡಿನ ಹೊಂದಿಕೆ ಹೊಸದರ ಮೇಲೆ ಕೆಲಸಕ್ಕೆ ಬರುವುದಿಲ್ಲ.

ಯಾವ ಮೇಲ್ಮೈಗೆ ಯಾವ ಗುಣ

ಬಟ್ಟೆ ಪ್ಯಾಡ್ ಸೆನ್ಸರಿಗೆ ಅತಿ ಸಲೀಸು. ಯಾವ ಮೌಸ್ ಆದರೂ ಸುಮಾರಾಗಿ ನಡೆಯುತ್ತದೆ. ತೊಂದರೆ ಇರುವುದು ಜಾರುವಿಕೆ ಬದಲಾಗುತ್ತಾ ಹೋಗುವುದರಲ್ಲಿ, ಅದಕ್ಕೆ ಮುಂದೆ ಬರುತ್ತೇನೆ.

ಗಟ್ಟಿ ಪ್ಲಾಸ್ಟಿಕ್ ಪ್ಯಾಡಿನಲ್ಲಿ ಮೌಸ್ ಹೂತುಕೊಳ್ಳುವುದಿಲ್ಲ. ಒತ್ತಿದರೂ ಬಿಟ್ಟರೂ ಕೌಂಟ್ ಒಂದೇ. ಸದ್ದು ಜಾಸ್ತಿ, ಸ್ಕೇಟ್ಸ್ ಬೇಗ ಸವೆಯುತ್ತವೆ. ಮ್ಯಾಟ್ ಸನ್‌ಮೈಕಾ ಹೆಚ್ಚುಕಡಿಮೆ ಇದರ ತಮ್ಮನಂತೆ. ದುಡ್ಡು ಹಾಕಲು ಆಗದವರಿಗೆ ನಾನು ಹೇಳುವುದು ಇದನ್ನೇ: ಬಡಗಿಯ ಅಂಗಡಿಯಲ್ಲಿ ಉಳಿದ ತುಂಡು ಕೇಳಿ, ಸಣ್ಣ ತರಿ ಇರುವ ಮ್ಯಾಟ್ ಆರಿಸಿ. ಹೊಳೆಯುವ ಸನ್‌ಮೈಕಾ ಬೇಡ.

ಗಾಜಿನ ಬಗ್ಗೆ ಗೊಂದಲ ಇದೆ. ಸಾದಾ ಪಾರದರ್ಶಕ ಗಾಜಿನಲ್ಲಿ ಬೆಳಕು ಆರಪಾರ ಹೋಗುತ್ತದೆ, ಹೆಚ್ಚಿನ ಸೆನ್ಸರ್‌ಗಳಿಗೆ ಏನೂ ಕಾಣುವುದಿಲ್ಲ. ಲಾಜಿಟೆಕ್ 2009ರಲ್ಲಿ ತಂದ ಡಾರ್ಕ್‌ಫೀಲ್ಡ್ ಸೆನ್ಸರ್ ಕನಿಷ್ಠ 4 ಮಿ.ಮೀ. ದಪ್ಪದ ಗಾಜಿನ ಮೇಲೆ ನಡೆಯುತ್ತದೆ, ಅದು ಗಾಜಿನ ಮೇಲಿನ ಧೂಳು, ಗೀರುಗಳನ್ನೇ ಗುರುತು ಮಾಡಿಕೊಳ್ಳುತ್ತದೆ. ಈಗ ಮಾರಾಟಕ್ಕಿರುವ ಗೇಮಿಂಗ್ ಗಾಜಿನ ಪ್ಯಾಡ್ ಬೇರೆ ವಸ್ತು. ಅದರ ಮೇಲ್ಮೈಗೆ ಸಣ್ಣ ತರಿ ಕೊಟ್ಟಿರುತ್ತಾರೆ. ಬಹಳ ಜಾರುತ್ತದೆ. ಹಳೆ ಸೆನ್ಸರ್‌ಗಳು ಅದರ ಮೇಲೆ ತಡವರಿಸಬಹುದು, ಕೊಳ್ಳುವ ಮೊದಲು ನಿಮ್ಮ ಮೌಸ್ ಒಯ್ದು ನೋಡಿ.

ಶಹಾಬಾದಿ ಫರಸಿ ನನಗೆ ಅಚ್ಚರಿ ತಂದಿತು. ಪಾಲಿಶ್ ಇಲ್ಲದ್ದರಿಂದ ಸೆನ್ಸರ್ ಚೆನ್ನಾಗಿಯೇ ಓದಿತು. ಆದರೆ ಸ್ಕೇಟ್ಸ್ ಅರ್ಧ ಗಂಟೆಯಲ್ಲಿ ಗೀರು ಬಿದ್ದವು. ಕಲ್ಲಿನ ಮೇಲೆ ಮೌಸ್ ಉಜ್ಜುವುದು ಬೇಡ, ಪರೀಕ್ಷೆಗೂ ಹಳೆ ಮೌಸ್ ಬಳಸಿ.

ಇನ್ನು ಚಿತ್ರ ಇರುವ ಪ್ಯಾಡುಗಳು. ದೊಡ್ಡ ಹುಲಿ, ಡ್ರ್ಯಾಗನ್ ಅಚ್ಚು ಹಾಕಿದವು ಅಂಗಡಿಯಲ್ಲಿ ಸಾಲಾಗಿ ತೂಗುತ್ತವೆ. ತಿಳಿ ಬಣ್ಣದಿಂದ ಕಡು ಬಣ್ಣಕ್ಕೆ ದಾಟುವ ಗೆರೆಯ ಮೇಲೆ ಮೊದಲ ಪರೀಕ್ಷೆ ಮಾಡಿ. ಒಳ್ಳೆಯ ಸೆನ್ಸರಿಗೆ ಲೆಕ್ಕಕ್ಕಿಲ್ಲ, ಅಗ್ಗದ್ದು ಅಲ್ಲಿ ಮುಗ್ಗರಿಸಬಹುದು. ಒಂದೇ ಬಣ್ಣದ ಪ್ಯಾಡ್ ತಂದರೆ ಈ ಚಿಂತೆಯೇ ಇಲ್ಲ.

ಮಳೆ, ಬೆವರು, ಎರೆಮಣ್ಣು

ನಮ್ಮ ಕಡೆ ಪ್ಯಾಡಿಗೆ ಮೂರು ಶತ್ರುಗಳು. ಬೆಳಗಾವಿಯಲ್ಲಿ ಜುಲೈ, ಆಗಸ್ಟ್ ಅಂದರೆ ಬಟ್ಟೆ ಒಣಗುವುದೇ ಕಷ್ಟ. ಆಗ ಬಟ್ಟೆ ಪ್ಯಾಡೂ ತೇವ ಹೀರುತ್ತದೆ. ಸೆನ್ಸರ್ ಸರಿಯಾಗಿಯೇ ಓದುತ್ತದೆ, ಆದರೆ ಮೌಸ್ ಕೆಸರಿನಲ್ಲಿ ಎಳೆದ ಹಾಗೆ ಭಾರ ಅನ್ನಿಸುತ್ತದೆ. ವಿಜಯಪುರದ ಮೇ ತಿಂಗಳಲ್ಲಿ ಪಾರಾ 40 ಡಿಗ್ರಿ ದಾಟಿದಾಗ ಮುಂಗೈ ಬೆವರು ಅದೇ ಕೆಲಸ ಮಾಡುತ್ತದೆ. ಅಲ್ಲಿ ಪ್ಯಾಡಿನ ಒಂದೇ ಜಾಗ ತೊಯ್ಯುವುದರಿಂದ ನಡುವೆ ನಿಧಾನ, ಅಂಚಿಗೆ ವೇಗ. ಮುಂಗೈಗೆ ಹತ್ತಿಯ ತೋಳುಚೀಲ ಹಾಕಿಕೊಂಡರೆ ಬಹಳ ಅನುಕೂಲ. ಎರಡೂ ಕಾಲಕ್ಕೆ 20 ಸೆಂ.ಮೀ. ಪರೀಕ್ಷೆ ಮಾಡಿ ನೋಡಿ. ಕೌಂಟ್ ಬದಲಾಗದೆ ಏಮ್ ಮಾತ್ರ ತಪ್ಪುತ್ತಿದ್ದರೆ ತೊಂದರೆ ಜಾರುವಿಕೆಯದು, ಸೆನ್ಸಿಟಿವಿಟಿ ಮುಟ್ಟಬೇಡಿ.

ಮೂರನೆಯದು ಎರೆಮಣ್ಣಿನ ಧೂಳು. ಬೇಸಿಗೆಯಲ್ಲಿ ಕಿಟಕಿ ತೆರೆದರೆ ಸಂಜೆಗೆ ಪ್ಯಾಡಿನ ಮೇಲೆ ಬೆರಳಲ್ಲಿ ಹೆಸರು ಬರೆಯಬಹುದು. ಈ ನುಣ್ಣನೆ ಪುಡಿ ಬೆವರಿನ ಜೊತೆ ಸೇರಿ ಸ್ಕೇಟ್ಸ್ ಅಂಚಿಗೆ ಕಪ್ಪು ಗೆರೆಯಾಗಿ ಕೂರುತ್ತದೆ. ವಾರಕ್ಕೊಮ್ಮೆ ಒಣ ಬಟ್ಟೆಯಿಂದ ಸ್ಕೇಟ್ಸ್ ಒರೆಸಿ, ಬ್ರಶ್‌ನಿಂದ ಕಿಂಡಿ ಸವರಿ. ಖಡಕ್ ರೊಟ್ಟಿ ಮುರಿಯುತ್ತ ಆಡಬೇಡಿ. ಅದರ ಒಂದು ಚೂರು ಸ್ಕೇಟ್ಸ್ ಕೆಳಗೆ ಸಿಕ್ಕರೆ ಮೌಸ್ ಒಂದು ಬದಿ ಎತ್ತಿಕೊಳ್ಳುತ್ತದೆ.

ಬಟ್ಟೆ ಪ್ಯಾಡನ್ನು ತೊಳೆಯಬಹುದು. ಉಗುರುಬೆಚ್ಚಗಿನ ನೀರು, ಸ್ವಲ್ಪ ಶಾಂಪೂ, ಮೆತ್ತನೆ ಬ್ರಶ್. ಉಜ್ಜುವುದು ಒಂದೇ ದಿಕ್ಕಿಗೆ. ಹಿಂಡಬೇಡಿ, ಟವೆಲ್ಲಿನಲ್ಲಿ ಸುತ್ತಿ ಒತ್ತಿ. ನಿಮ್ಮ ಬೋರಿನ ನೀರು ಬಕೆಟ್ಟಿಗೆ ಬಿಳಿ ಕಲೆ ಕೂರಿಸುವಂಥದ್ದಾದರೆ ಕೊನೆಯ ತೊಳೆತಕ್ಕೆ ಕುಡಿಯುವ ನೀರು ಬಳಸಿ, ಇಲ್ಲವಾದರೆ ಉಪ್ಪು ನೂಲಿನಲ್ಲಿ ಉಳಿದು ಪ್ಯಾಡ್ ಬಿರುಸಾಗುತ್ತದೆ. ನೆರಳಲ್ಲಿ, ಚಪ್ಪಟೆಯಾಗಿ ಹರಡಿ ಒಣಗಿಸಿ. ಬಿಸಿಲಿಗೆ ಹಾಕಿದರೆ ಕೆಳಗಿನ ರಬ್ಬರ್ ಮುದುಡಿ ಅಂಟು ಬಿಡುತ್ತದೆ. ಪೂರ್ತಿ ಒಣಗುವ ತನಕ ಸುಮ್ನೆ ಬಿಡಿ.

ವರ್ಷ ಕಳೆದಂತೆ ಪ್ಯಾಡಿನ ನಡುವೆ ಒಂದು ಕಡೆ ಸವೆದು ಹೊಳಪು ಬರುತ್ತದೆ. ಆಗ ಪ್ಯಾಡನ್ನು ತಿರುಗಿಸಿ, ಆದರೆ ಅರ್ಧ ಸುತ್ತು ಮಾತ್ರ. ಕಾಲು ಸುತ್ತು ತಿರುಗಿಸಿದರೆ ಹಾಸು ಹೊಕ್ಕು ಅದಲು ಬದಲಾಗಿ ಅಡ್ಡದ ಜಾರು ಉದ್ದಕ್ಕೆ ಬರುತ್ತದೆ.

ಕೊಳ್ಳುವಾಗ

ಪ್ಯಾಡಿನ ದಪ್ಪ 3 ರಿಂದ 4 ಮಿ.ಮೀ. ಸಾಕು. ಹೆಬ್ಬೆರಳಿಂದ ಒತ್ತಿ ನೋಡಿ, ಗುಣಿ ಬಿದ್ದು ನಿಧಾನವಾಗಿ ಏಳುತ್ತಿದ್ದರೆ ತೀರಾ ಮೆತ್ತಗೆ. ನಿಮ್ಮ ಪೂರ್ತಿ ಸುತ್ತಿನ ದೂರ 50 ಸೆಂ.ಮೀ. ಮೇಲಿದ್ದರೆ 40 ಸೆಂ.ಮೀ. ಅಗಲಕ್ಕಿಂತ ಚಿಕ್ಕದು ಬೇಡ. ಅಂಚಿಗೆ ಹೊಲಿಗೆ ಇರಲಿ, ಆದರೆ ಹೊಲಿಗೆ ಪ್ಯಾಡಿಗಿಂತ ಮೇಲೆ ಏಳಬಾರದು, ಮುಂಗೈ ಕೊರೆಯುತ್ತದೆ. ಕೆಳಗಿನ ರಬ್ಬರ್ ಗ್ರಾನೈಟ್ ಮೇಲೆ ಹಿಡಿದು ನಿಲ್ಲುತ್ತದೆಯೇ ಎಂದು ಅಂಗಡಿಯ ಕೌಂಟರ್ ಮೇಲೆಯೇ ತಳ್ಳಿ ನೋಡಿ, ಹೆಚ್ಚಿನ ಕೌಂಟರ್‌ಗಳಿಗೆ ಅದೇ ಕಲ್ಲು ಇರುತ್ತದೆ. ದುಡ್ಡು ಒಂದಕ್ಕೇ ಇದ್ದರೆ ನಾನು ಮೊದಲು ಪ್ಯಾಡ್ ತರುತ್ತೇನೆ, ಮೌಸ್ ಆಮೇಲೆ.

ಹೊಸ ಪ್ಯಾಡ್ ಬಂದ ದಿನವೇ 20 ಸೆಂ.ಮೀ. ಲೆಕ್ಕ ತೆಗೆದು ಅದರ ಹಿಂಭಾಗದ ರಬ್ಬರ್ ಮೇಲೆ ಮಾರ್ಕರ್‌ನಿಂದ ಬರೆಯಿರಿ: ಮೌಸಿನ ಹೆಸರು, ತಾರೀಖು, ಅಡ್ಡದ ಕೌಂಟ್, ಉದ್ದದ ಕೌಂಟ್. ಸ್ಕೇಟ್ಸ್ ಬದಲಿಸಿದ ದಿನ, ಪ್ಯಾಡ್ ತೊಳೆದು ಒಣಗಿಸಿದ ದಿನ ಮತ್ತೊಮ್ಮೆ ಅಳೆದು ಹಳೆಯದರ ಕೆಳಗೆ ಹೊಸದನ್ನು ಸೇರಿಸಿ.